ಗದ್ದೆಯ ಬದುವಿಗೆ ಬಂದ ಐದನೆಯ ತರಗತಿ

ಅರವತ್ತರ ದಶಕದ ಮಧ್ಯದಲ್ಲಿ ನನಗೆ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ದೇಶನೂರು ದಾಟಿ ಕಾಲುವೆಯ ದಂಡೆ ಹಿಡಿದು ಒಂದು ತಾಸು ನಡೆದರೆ ಆ ಊರು. ಶಾಲೆಗೆ ಕಟ್ಟಡವಿರಲಿಲ್ಲ. ಈಶ್ವರ ಗುಡಿಯ ಮಂಟಪದಲ್ಲಿ ಒಂದರಿಂದ ನಾಲ್ಕನೆಯ ತರಗತಿಯವರೆಗೆ ನಾನೊಬ್ಬಳೇ ಕಲಿಸಬೇಕಿತ್ತು. ಬಳ್ಳಾರಿಯಲ್ಲಿ ವಿದ್ಯಾ ಇಲಾಖೆಯ ಗುಮಾಸ್ತರಾಗಿದ್ದ ಅಪ್ಪ, ನಾನು ರಜೆಗೆ ಹೋದಾಗಲೆಲ್ಲ ಪತ್ರಿಕೆ ಹಿಡಿದುಕೊಂಡು ಗೊಣಗುತ್ತಿದ್ದರು. ಶಾಲೆಗೆಂದು ಸರಕಾರ ಕೊಡುವ ಹಣವೆಲ್ಲ ಸಂಬಳಕ್ಕೇ ಹೋಗುತ್ತದೆ, ಹಳ್ಳಿಗೆ ಏನು ಮುಟ್ಟಿತು ಎನ್ನುವುದು ಅವರ ವಾದ. ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಆ ಊರಿನ ಮಟ್ಟಿಗೆ ವಿದ್ಯೆಗೆ ಸರಕಾರ ಮಾಡುತ್ತಿದ್ದ ಖರ್ಚು ಎಂದರೆ ನಾನೇ.

ನಾಲ್ಕನೆಯ ತರಗತಿ ಮುಗಿದರೆ ಹುಡುಗರಲ್ಲಿ ಒಬ್ಬಿಬ್ಬರು ಸಿರುಗುಪ್ಪಕ್ಕೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ಯಾರೂ ಹೋಗುತ್ತಿರಲಿಲ್ಲ. ಐದನೆಯ ತರಗತಿ ಮತ್ತು ಇನ್ನೊಬ್ಬ ಶಿಕ್ಷಕರು ಬೇಕೆಂದು ಮೂರು ವರ್ಷ ಅರ್ಜಿ ಬರೆದೆ. ನಾಲ್ಕನೆಯ ವರ್ಷ ಇನ್‌ಸ್ಪೆಕ್ಟರ್ ಸಾಹೇಬರು ತಾವೇ ನೋಡಲು ಬಂದರು. ಬಂದದ್ದು ಮಾತ್ರ ಭತ್ತದ ಸಸಿ ಹಚ್ಚುವ ಹಂಗಾಮಿನಲ್ಲಿ.

ಆ ದಿನ ಮಂಟಪದಲ್ಲಿದ್ದದ್ದು ಕೆಸರಿಗಿಳಿಯಲು ಬಾರದ ಏಳು ಚಿಕ್ಕ ಮಕ್ಕಳು. ಉಳಿದವರೆಲ್ಲ ತಾಯಂದಿರ ಜೊತೆ ಗದ್ದೆಯಲ್ಲಿದ್ದರು. ಸಾಹೇಬರು ಹಾಜರಿ ಪುಸ್ತಕ ತಿರುವಿ ಹಾಕಿದರು. ನಾನು ಸುಳ್ಳು ಬರೆದಿರಲಿಲ್ಲ. ಎರಡು ವಾರದಿಂದ ಗೈರುಹಾಜರಿಯೇ ತುಂಬಿತ್ತು. ಅವರು ಕೆಟ್ಟ ಮನುಷ್ಯರೇನಲ್ಲ. ಈ ವರ್ಷ ತಾಲ್ಲೂಕಿಗೆ ಬಂದಿರುವುದು ಒಂದೇ ಹೊಸ ಹುದ್ದೆ, ನಾಲ್ಕು ಊರಿನವರು ಕೇಳುತ್ತಿದ್ದಾರೆ, ಮಕ್ಕಳೇ ಇಲ್ಲದ ಕಡೆ ಹೇಗೆ ಕೊಡಲಿ ಎಂದು ಸಮಾಧಾನದಿಂದಲೇ ಹೇಳಿ ಎದ್ದರು.

ನಾನೂ ಎದ್ದು ಹೇಳಿದೆ, "ಸಾಹೇಬ್ರ, ಮಕ್ಕಳು ಅದಾರ್ರಿ. ಸಾಲಿನೂ ನಡದೈತಿ. ಒಂದೀಟು ನನ್ನ ಜೋಡಿ ಗದ್ದಿಗೆ ಬರ್ರಿ."

ಅವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿಕೊಂಡು ನನ್ನ ಹಿಂದೆ ನಡೆದರು. ಆ ಎರಡು ವಾರವೂ ನಾನು ಮಧ್ಯಾಹ್ನ ಕೂಲಿಯವರು ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ನಿಂತು ಪಾಠ ಹೇಳುತ್ತಿದ್ದೆ. ಇಲಾಖೆಗೆ ತಿಳಿಸಿರಲಿಲ್ಲ, ಹಾಗೆ ಮಾಡೆಂದು ಯಾರೂ ಹೇಳಿಯೂ ಇರಲಿಲ್ಲ.

ಗದ್ದೆಯಲ್ಲಿ ಹೆಂಗಸರು ತೆಲುಗು ಹಾಡು ಹೇಳುತ್ತ ಬಗ್ಗಿ ಸಸಿ ಹಚ್ಚುತ್ತಿದ್ದರು. ನಮ್ಮನ್ನು ಕಂಡು ಹಾಡು ನಿಂತಿತು. ಸಾಹೇಬರು ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯನ್ನು ಕರೆದರು. ಕೂಲಿಯಾಕೆಯ ಮಗಳು, ಮೊಣಕಾಲವರೆಗೆ ಕೆಸರು, ಕೈಯಲ್ಲಿ ಸಸಿಯ ಹಿಡಿ. ಒಂದು ಸಾಲಿಗೆ ತೊಂಬತ್ತಾರು ಸಸಿ ಹಿಡಿದರೆ ಇಪ್ಪತ್ತೈದು ಸಾಲಿಗೆ ಎಷ್ಟು ಎಂದು ಕೇಳಿದರು. ಪಾಟಿ ಇಲ್ಲ, ಬಳಪ ಇಲ್ಲ. ಹುಡುಗಿ ತುಟಿ ಅಲ್ಲಾಡಿಸಿದಳು.

"ಎರಡು ಸಾವಿರದ ನಾನೂರು ರೀ," ಎಂದಳು. ಸಾಹೇಬರು ತಲೆಯಾಡಿಸುವಷ್ಟರಲ್ಲಿ ಮತ್ತೆ ಅಂದಳು, "ಆದರ ಈ ಗದ್ದಿಗೆ ಅಷ್ಟು ಹಿಡಿಯಂಗಿಲ್ಲ ರೀ. ಆ ಮೂಲ್ಯಾಗ ಬದು ಓರೆ ಐತಿ, ಅಲ್ಲಿ ಕಡಿಮಿ ಅಕ್ಕಾವು."

ಸಾಹೇಬರು ಬದುವಿನ ಆ ಮೂಲೆಯತ್ತ ತಿರುಗಿ ನೋಡಿದರು. ನಿಜವಾಗಿಯೂ ಓರೆಯಾಗಿತ್ತು. ಆಮೇಲೆ ಒಂದು ತಾಸು ಅಲ್ಲೇ ಕೂತು ಮಕ್ಕಳಿಂದ ಓದಿಸಿದರು, ಮಗ್ಗಿ ಹೇಳಿಸಿದರು, ಕೂಲಿ ಹೆಂಗಸರು ಕೊಟ್ಟ ರೊಟ್ಟಿ ತಿಂದರು. ಭತ್ತ ಕೊಯ್ಲಿಗೆ ಬರುವ ಮೊದಲೇ ಆದೇಶ ಬಂತು. ಕುರುಗೋಡಿನ ಕಡೆಯ ಮಾಸ್ತರರೊಬ್ಬರು ಹಾಸಿಗೆ ಸುತ್ತಿಕೊಂಡು ಬಂದಿಳಿದರು. ಗುಡಿಯ ಮಂಟಪದಲ್ಲಿ ಐದನೆಯ ತರಗತಿ ಶುರುವಾಯಿತು. ಕೂತ ಹನ್ನೊಂದು ಮಕ್ಕಳಲ್ಲಿ ಆರು ಹುಡುಗಿಯರು.

ಒಮ್ಮೆ ಬಾಗಿಲು ತೆರೆದ ಮೇಲೆ ಸರಕಾರದ ಹಣ ನಿಧಾನವಾಗಿಯಾದರೂ ಬರತೊಡಗಿತು. ಎಪ್ಪತ್ತರ ದಶಕದಲ್ಲಿ ಎರಡು ಕೋಣೆಗಳಾದವು. ಮೊದಲ ಸಲ ನಮ್ಮದೇ ಕಪ್ಪು ಹಲಗೆ ಗೋಡೆಗೆ ಬಂತು. ಏಳನೆಯ ತರಗತಿವರೆಗೆ ಏರಿದೆವು. ಮಧ್ಯೆ ಎರಡು ವರ್ಷ ಖರ್ಚಿಗೆ ತಡೆಯೆಂದು ಒಂದು ಬೆಂಚೂ ಬರಲಿಲ್ಲ, ಮಳೆಗೆ ಸೋರುವ ಮೂಲೆ ಸೋರುತ್ತಲೇ ಇತ್ತು. ಅದೂ ದಾಟಿತು. ಎಂಬತ್ತರ ಹೊತ್ತಿಗೆ ಹೈಸ್ಕೂಲು ಕೇಳಿದೆವು. ಊರಿನವರು ಜಾಗ ಕೊಟ್ಟು ಒಂದು ಕೋಣೆ ಕಟ್ಟಿಸಿದರೆ ಶಿಕ್ಷಕರನ್ನು ಸರಕಾರ ಕೊಡುತ್ತದೆ ಎಂದು ಉತ್ತರ ಬಂತು. ಊರ ಗೌಡರ ಮನೆಯವರು ಕಾಲುವೆ ಪಕ್ಕದ ಜಾಗ ಬಿಟ್ಟುಕೊಟ್ಟರು. ಕುರುಗೋಡಿನ ಗುಡ್ಡದಿಂದ ಬಂಡಿಗಳಲ್ಲಿ ಕಲ್ಲು ಬಂತು. ಕೂಲಿ ಹೆಂಗಸರು ಸರದಿ ಹಚ್ಚಿಕೊಂಡು ಮಣ್ಣು ಹೊತ್ತರು. ಯಾರೂ ಹೇಳಿ ಕಳಿಸಿದ್ದಲ್ಲ.

ಹೈಸ್ಕೂಲು ಶುರುವಾಗಿ ಮೂರು ವರ್ಷಕ್ಕೆ, ಮೊದಲ ತಂಡದಲ್ಲಿ ಎಸ್‌ಎಸ್‌ಎಲ್‌ಸಿ ಬರೆದ ಹುಡುಗಿಯರು ಒಂಬತ್ತು ಮಂದಿ. ಫಲಿತಾಂಶ ನೋಡಲು ನಾನು ಬಳ್ಳಾರಿಗೆ ಹೋದೆ. ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ನಂಬರು ಹುಡುಕಿದೆ. ಎಂಟು ಸಿಕ್ಕವು. ಒಬ್ಬಳು ಇಂಗ್ಲಿಷಿನಲ್ಲಿ ಉಳಿದಿದ್ದಳು, ಅಕ್ಟೋಬರಿನಲ್ಲಿ ಅವಳೂ ಪಾಸಾದಳು. ಪಕ್ಕದಲ್ಲಿ ನಿಂತಿದ್ದವರು ಯಾರೋ, ನಿಮ್ಮ ಮಗಳದಾ ಎಂದು ಕೇಳಿದರು. ಎಂಟು ಮಂದಿಯದು ಎಂದೆ.

ಊರಿಗೆ ಬಂದಾಗ ಹಲಗೆ ವಾದ್ಯ ಬಾರಿಸುವವರು ಕಾಲುವೆ ಸೇತುವೆವರೆಗೆ ಬಂದು ಕಾಯುತ್ತಿದ್ದರು. ಹುಡುಗಿಯರನ್ನು ಮುಂದೆ ಬಿಟ್ಟು ಊರೆಲ್ಲ ಹಿಂದೆ ನಡೆಯಿತು. ಗೌಡರ ಓಣಿ, ಕೆಳಗಿನ ಓಣಿ, ಯಾವ ಓಣಿಯನ್ನೂ ಬಿಡದೆ ತಿರುಗಿದೆವು. ಬೀಗಿ ನಡೆದೆ ಎಂದು ಹೇಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಆ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಸುತ್ತಲಿನ ಹಳ್ಳಿಗಳಿಂದಲೂ ಹುಡುಗಿಯರು ಬಂದು ಸಾಲು ನಿಂತರು. ಕೋಣೆ ತುಂಬಿ, ಪಡಸಾಲೆ ತುಂಬಿ, ಕೆಲವರನ್ನು ಬೇವಿನ ಮರದ ಕೆಳಗೆ ಕೂಡಿಸಬೇಕಾಯಿತು. ನಾನು ಆ ಸಂಜೆಯೇ ಇನ್ನೆರಡು ಕೋಣೆ ಬೇಕೆಂದು ಅರ್ಜಿ ಬರೆಯಲು ಕೂತೆ.