ರಾಶಿಯ ಕಡೆ ಹೊಡೆದ ಚೆಂಡು

ಸಾಫ್ಟ್‌ಬಾಲ್ ಬಗ್ಗೆ ನನಗಿದ್ದ ಜ್ಞಾನವೆಲ್ಲ ಮೂರು ದಿನದ ತರಬೇತಿಯದು. ಅದರಲ್ಲೂ ಒಂದು ದಿನ ಮಳೆ ಬಂದು ಬರೀ ಉಪ್ಪಿಟ್ಟು ತಿಂದು ಎದ್ದು ಬಂದಿದ್ದೆವು. ಅಂಥ ನನ್ನ ಕೊರಳಿಗೇ ಹಾವೇರಿ ಜಿಲ್ಲಾ ಬಾಲಕಿಯರ ತಂಡದ ಆಯ್ಕೆ ಬಿತ್ತು. ರಾಣೆಬೆನ್ನೂರಿನ ಒಂದು ಶಾಲೆಯ ಆಟದ ಟೀಚರು ನಾನು. ಒಲ್ಲೆ ಅಂದರೆ ಯಾರು ಕೇಳುತ್ತಾರೆ?

ದಸರೆ ಮುಗಿದ ಮೇಲೊಂದು ಶನಿವಾರ ನಮ್ಮ ಶಾಲೆಯ ಮೈದಾನದಲ್ಲೇ ಆಯ್ಕೆ ಇಟ್ಟೆ. ಮೈದಾನ ಅಂದರೆ ಮುಕ್ಕಾಲು ಭಾಗ ಮಾತ್ರ ನಮ್ಮದು. ಸುಗ್ಗಿ ಬಂತೆಂದರೆ ಉಳಿದ ಕಡೆ ಸುತ್ತಲಿನವರ ಗೋವಿನಜೋಳ ಒಣಗುತ್ತದೆ. ತೆಗೆಯಿರಿ ಅಂತ ಹೇಳಿ ಹೇಳಿ ಸಾಕಾಗಿತ್ತು. "ಎರಡ ದಿನ ತಡೀರಿ ಅಕ್ಕೋರ, ಇನ್ನೂ ಹಸಿ ಐತಿ" ಅನ್ನುವುದು ಅವರ ಕಾಯಂ ಉತ್ತರ.

ಬ್ಯಾಡಗಿಯಿಂದ, ಹಾವೇರಿಯಿಂದ ಹುಡುಗಿಯರು ಬಂದರು. ಎಲ್ಲರೂ ಖೋಖೋದವರೇ! ಚೆಂಡು ಹೊಡೆದವಳು ನಾಲ್ಕು ಮೂಲೆಯ ಬೇಸ್‌ಗಳನ್ನು ಒಂದೊಂದಾಗಿ ಮುಟ್ಟಿ, ಹೊರಟಲ್ಲಿಗೇ ವಾಪಸು ಬಂದರೆ ಒಂದು ರನ್ ಅಂತ ಹೇಳಿಕೊಟ್ಟೆ. ಮೊದಲನೆಯವಳು ಚೆಂಡು ಹೊಡೆದು, ಗಾಳಿಯಂತೆ ಓಡಿ ಮೊದಲ ಬೇಸ್ ಮುಟ್ಟಿದಳು. ಮುಟ್ಟಿದವಳೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ಏಳ್ವಾ, ಮುಂದ ಓಡ!" ಅಂತ ಕೂಗಿದೆ.

"ಖೋ ಕೊಟ್ಟಿಲ್ರಿ ಅಕ್ಕೋರ" ಅಂದಳು.

ಎರಡನೆಯವಳು ಬಂದು ಅವಳ ಬೆನ್ನು ತಟ್ಟಿ, "ಖೋ" ಅಂದು, ಆ ಜಾಗದಲ್ಲಿ ತಾನು ಕೂತಳು. ನಾನು ಹಣೆ ಹಣೆ ಬಡಿದುಕೊಂಡೆ.

ಸಾಲಿನ ಕೊನೆಗೆ ಐರಣಿಯಿಂದ ಬರುವ ನಮ್ಮ ಶಾಲೆಯ ಹುಡುಗಿ ನಿಂತಿದ್ದಳು. ಹಿಂದಿನ ವರ್ಷ ಖೋಖೋ ತಂಡಕ್ಕೆ ಬಂದವಳನ್ನು ಎಲ್ಲರೆದುರೇ "ನಿನಗ ಓಡಾಕ ಬರೂದಿಲ್ಲವಾ, ಮನಿಗೆ ಹೋಗು" ಅಂದು ಕಳಿಸಿದ್ದೆ. ಸುಡುಗಾಡು ಬಾಯಿ ನನ್ನದು. ಈ ವರ್ಷ ದಾಟಿದರೆ ಅವಳ ವಯಸ್ಸು ಮೀರುತ್ತಿತ್ತು, ಜಿಲ್ಲೆಯ ಅಂಗಿ ಹಾಕುವ ಆಸೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ. ಅವಳ ಮುಖ ನೋಡದೆ "ಹೂಂ, ಹೊಡಿ" ಅಂದೆ.

ಎರಡು ಚೆಂಡು ಬಿಟ್ಟಳು. ಮೂರನೆಯದನ್ನು ಬಾರಿಸಿದಳು ನೋಡಿ, ಅದು ಹೋಗಿ ಗೋವಿನಜೋಳದ ನಡುಮಧ್ಯೆ ಕೂತಿತು.

ಹಿಡಿಯಲು ಓಡಿದ ಇಬ್ಬರು ರಾಶಿಯ ಅಂಚಿನಲ್ಲಿ ಗಕ್ಕನೆ ನಿಂತರು. ಕಾಳಿನ ಮೇಲೆ ಬೂಟುಗಾಲು ಇಡುವುದುಂಟೇ? ಕೂತು ಲೇಸು ಬಿಚ್ಚತೊಡಗಿದರು. ಒಬ್ಬಳದು ಗಂಟು ಬಿತ್ತು. ಇನ್ನೊಬ್ಬಳು ಬೂಟು ಕಳಚಿ, ಕಾಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಒಳಗೆ ಕಾಲಿಟ್ಟಳು. ಚೆಂಡು ಹೊಡೆದ ಇವಳೋ, ಎಲ್ಲೂ ಕೂರಲಿಲ್ಲ. ಖೋಖೋ ಆಡಲು ನಾನು ಬಿಟ್ಟಿದ್ದರೆ ತಾನೆ ಕೂರಲು! ಸಂತೆಗೆ ಹೊರಟವಳಂತೆ ಒಂದೊಂದೇ ಬೇಸ್ ಮೆಟ್ಟುತ್ತ ಸುತ್ತಿ ಬಂದು, ಹೊರಟಲ್ಲಿಗೇ ಮುಟ್ಟಿದಳು.

ನನ್ನ ಜೊತೆ ಆಯ್ಕೆಗೆ ಕೂತಿದ್ದ ಹಾವೇರಿಯ ಸರ್ ನಿಯಮದ ಪುಸ್ತಕ ತಿರುವಿ ಹಾಕಿದರು. "ಇದರಾಗ ಗೋವಿನಜೋಳದ ಸುದ್ದೀನ ಇಲ್ಲಲ್ರಿ ಮೇಡಂ!"

"ಇಲ್ಲಂದಮ್ಯಾಲೆ ರನ್ ಖರೇನ. ಬರ್ಕೊಳ್ರಿ" ಅಂದೆ.

ಆಮೇಲೆ ಅವಳನ್ನು ಕರೆದು ಕೇಳಿದೆ. "ಅಲ್ಲವಾ, ಇಷ್ಟ ಬಯಲ ಬಿದ್ದೈತಿ, ಅತ್ತಾಗ ಯಾಕ ಹೊಡದಿ?"

ಅವಳು ನೆಲ ನೋಡುತ್ತ ಹೇಳಿದಳು. "ನೀವ ಅಂದಿದ್ರಲ್ರಿ ಅಕ್ಕೋರ, ನನಗ ಓಡಾಕ ಬರೂದಿಲ್ಲಂತ. ಅವರು ಬೂಟು ಬಿಚ್ಚೂತನಾ ನಡಕೋತ ಬರಬಹುದಲ್ರಿ."

ನಾಚಿಕೆಯಾಯಿತು ನನಗೆ. ಪಟ್ಟಿಯ ಮೊದಲ ಸಾಲಿನಲ್ಲಿ ಅವಳ ಹೆಸರು ಬರೆದೆ, ಪಕ್ಕದಲ್ಲಿ ನಾಯಕಿ ಅಂತಲೂ.