ಫಿಲಿಬೆರ್ತಾ ಮೈಕಿನಲ್ಲಿ ಹೇಳಿದ ನಲವತ್ತೊಂದು ಹೆಸರು

ಸಾಂತಾ ಇನೆಸ್ ಎಂಬ ಬೆಟ್ಟದೂರಿನಲ್ಲಿ ಇದ್ದದ್ದು ಒಂದೇ ಮೋಟರ್ ಗಿರಣಿ, ಫಿಲಿಬೆರ್ತಾಳದು. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ಹೆಂಗಸರು ಬಕೆಟ್ಟಿನಲ್ಲಿ ತರುತ್ತಿದ್ದರು, ಅವಳು ಹಿಟ್ಟು ಮಾಡಿಕೊಡುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಮೂಸಿ ನೋಡದೆ ಯಾರ ಜೋಳವನ್ನೂ ಕಲ್ಲಿಗೆ ಹಾಕಿದವಳಲ್ಲ. ಹಳಸಿದ ಒಂದು ಬಕೆಟ್ಟು ಬಿದ್ದರೆ ಮುಂದಿನ ಹತ್ತು ಮನೆಯ ರೊಟ್ಟಿ ಹುಳಿ.

ಕೊರೊನಾ ಬಂದಾಗ ಊರಸಭೆ ರಸ್ತೆಗೆ ಸರಪಳಿ ಕಟ್ಟಿಸಿತು. ಹೊರಗಿನಿಂದ ಸಾಮಾನು ತಂದವರು ಅದನ್ನು ಸರಪಳಿಯ ಬಳಿ ಇಟ್ಟು ಹಾಗೇ ಹಿಂದಿರುಗಬೇಕು. ಗಿರಣಿಯಲ್ಲಿ ನೂಕುನುಗ್ಗಲಾಗದಂತೆ ಮೇಲ್ಕೇರಿಯ ನಲವತ್ತೊಂದು ಮನೆಯವರು ಮಾತ್ರ ಬರಬೇಕು. ಕೆಳಕೇರಿಯವರು ಮನೆಯಲ್ಲೇ ಕೈಗಿರಣಿ ತಿರುಗಿಸಬೇಕು. ಕೆಳಕೇರಿಯವರು ಗೊಣಗುತ್ತಲೇ ಒಪ್ಪಿದರು.

ಮೇ ತಿಂಗಳಲ್ಲಿ ಗಿರಣಿಗೆ ಹೊಸ ಕಲ್ಲು ಬಂತು. ತಂದವನು ಓಹಾಕಾ ಪಟ್ಟಣದಿಂದ ಐದು ಗಂಟೆ ಗಾಡಿ ಓಡಿಸಿದ್ದ. ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಆ ಊರಲ್ಲಿ ಬೈದು ಕಳಿಸಿದ್ದಕ್ಕೆ ಸಮ. ಕಾವಲಿನವರು ಊಟಕ್ಕೆ ಹೋದಾಗ ಫಿಲಿಬೆರ್ತಾ ಸರಪಳಿ ದಾಟಿದಳು. ಅವನ ಪಕ್ಕದಲ್ಲೇ ಕೂತು ಕಾಫಿ ಕುಡಿದಳು.

ಆರನೆಯ ದಿನ ಬೆಳಿಗ್ಗೆ ಮೇಲ್ಕೇರಿಯ ಎಲೂತೇರಿಯಾ ಹಿಟ್ಟಿನ ಬಕೆಟ್ಟು ಹಿಡಿದು ವಾಪಸು ಬಂದಳು.

“ಏನಮ್ಮಾ ಇದು, ಹಿಟ್ಟೆಲ್ಲ ಹುಳಿ ನಾತ! ಮೂಗನ್ನ ಮನೇಲೇ ಬಿಟ್ಟು ಬಂದ್ಯಾ?”

ಫಿಲಿಬೆರ್ತಾ ಹಿಟ್ಟನ್ನು ಮೂಸಿದಳು. ಸುಣ್ಣವನ್ನು ಮೂಸಿದಳು, ಗ್ರೀಸಿನ ಡಬ್ಬಿಯನ್ನು ಮೂಸಿದಳು. ಯಾವುದಕ್ಕೂ ವಾಸನೆಯಿರಲಿಲ್ಲ. ವಾಸನೆ ಹೋಗುವುದು ಕೊರೊನಾದ ಗುರುತು ಎಂದು ಊರಿನ ನರ್ಸ್ ಹೇಳಿದ್ದಳು. ಹಿಂದೆ ಸರಿದು ಮೋಟರ್ ನಿಲ್ಲಿಸಿದಳು.

ಪಂಚಾಯಿತಿ ಅಂಗಳದಲ್ಲಿ ದೂರ ನಿಂತು ಊರ ಮುಖ್ಯಸ್ಥ ದೊನ್ ಅಬುಂದಿಯೊಗೆ ಎಲ್ಲವನ್ನೂ ಹೇಳಿದಳು. ಅವನು ಕಿಟಕಿಯೊಳಗಿನಿಂದ ತಲೆ ಕೆರೆದುಕೊಂಡ.

“ನಿನ್ನ ಹೆಸರು ಹೇಳೋದು ಬೇಡ ಬಿಡು ಫಿಲಿ. ಮೋಟರ್ ಕೆಟ್ಟಿದೆ ಅಂದ್ಬಿಡ್ತೀನಿ. ನಿಜ ಗೊತ್ತಾದ್ರೆ ಈ ಜನ್ಮದಲ್ಲಿ ನಿನ್ನ ಗಿರಣಿಗೆ ಯಾರೂ ಕಾಲಿಡಲ್ಲ.”

“ಮೋಟರ್ ಕೆಟ್ರೆ ಜನ ಮನೇಲಿ ಕೂರ್ತಾರಾ ದೊನ್? ಬಕೆಟ್ ಹಿಡ್ಕೊಂಡು ಕೆಳಕೇರಿಯ ಕೈಗಿರಣಿಗೆ ಓಡ್ತಾರೆ. ರೋಗಾನೂ ಜೊತೇಲಿ ಹೋಗುತ್ತೆ. ಮೈಕ್ ಈಚೆ ಕೊಡಿ.”

ಅವನು ಊರಿಗೆಲ್ಲ ಕೇಳುವ ಆ ಮೈಕನ್ನು ಕಿಟಕಿಯ ಹೊರಗಿಟ್ಟು ದೂರ ಹೋದ.

“ನಾನು ಫಿಲಿಬೆರ್ತಾ. ನನಗೆ ವಾಸನೆ ತಿಳೀತಿಲ್ಲ. ಸರಪಳಿ ದಾಟಿ ಕಾಫಿ ಕುಡಿದೆ, ತಪ್ಪು ನಂದು. ಈಗ ಹೇಳೋ ಮನೆಯವರು ಯಾರೂ ಹೊಸಿಲು ದಾಟ್ಬೇಡಿ.”

ಸಾಲಿನಲ್ಲಿ ಯಾರ ಹಿಂದೆ ಯಾರು ನಿಲ್ಲುತ್ತಾರೆಂಬುದು ಅವಳಿಗೆ ಬಾಯಿಪಾಠ. ನಲವತ್ತೊಂದು ಹೆಸರನ್ನೂ ಹೇಳಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವರಲ್ಲಿ ಒಬ್ಬರು ಸತ್ತರೂ ಮುಂದೆ ಯಾವ ಮುಖ ಹೊತ್ತು ಬದುಕುವುದೆಂದು ಅತ್ತಳು.

ಮರುದಿನ ಗೋಡೆಯಾಚೆಯಿಂದ ಕೂಗು ಕೇಳಿಸಿತು. ಕೆಳಕೇರಿಯ ನಾದಿನಿ ಕ್ರಿಸಾಂತಾ.

“ಅತ್ತಿಗೇ! ಕಾಫಿ ಕುಡಿದಿದ್ದು ನೀನು, ರಟ್ಟೆ ಬಿದ್ದುಹೋಗಿದ್ದು ನಮ್ದು!”

“ಬೈಯಿ. ಚೆನ್ನಾಗಿ ಬೈಯಿ.”

“ಬೈಯೋಕೆ ಪುರುಸೊತ್ತೆಲ್ಲಿದೆ? ಇನ್ನೂ ಆರು ಮನೆಗೆ ಕೊಡ್ಬೇಕು. ಹಿಟ್ಟು ಗೋಡೆ ಮೇಲಿದೆ, ನಾನು ಹೋದ್ಮೇಲೆ ತಗೋ.”

ಬಿತ್ತನೆಗೆ, ಮನೆ ಕಟ್ಟುವುದಕ್ಕೆ ಕೂಲಿಯಿಲ್ಲದೆ ಒಬ್ಬರಿಗೊಬ್ಬರು ಮುಯ್ಯಾಳು ಹೋಗುವುದು ಆ ಊರಿನ ಪದ್ಧತಿ. ಹಿಟ್ಟಿಗೂ ಮುಯ್ಯಾಳು ಆದದ್ದು ಅದೇ ಮೊದಲು. ಇಡೀ ಕೆಳಕೇರಿ ಕೈಗಿರಣಿ ತಿರುಗಿಸಿ ಮೇಲ್ಕೇರಿಯ ಗೋಡೆಗಳ ಮೇಲೆ ಹಿಟ್ಟಿಟ್ಟು ಹೋಗುತ್ತಿತ್ತು.

ಮೇಲ್ಕೇರಿಯಲ್ಲಿ ಒಂಬತ್ತು ಜನರಿಗೆ ಜ್ವರ ಬಂತು. ಎಲೂತೇರಿಯಾಳ ಅತ್ತೆಗೆ ಉಸಿರು ಕಟ್ಟಿ ಎಲ್ಲರೂ ಹೆದರಿದರು. ಐದನೆಯ ದಿನ ಮುದುಕಿ ಎದ್ದು ಕೂತು, ಸಾರಿಗೆ ಖಾರ ಸಾಲದೆಂದು ಸೊಸೆಯನ್ನು ಗದರಿದಳು. ಇಪ್ಪತ್ತೆರಡನೆಯ ದಿನ ನರ್ಸ್ ಮೈಕಿನಲ್ಲಿ ಹೇಳಿದಳು: ಒಂಬತ್ತು ಜನವೂ ಗುಣವಾದರು, ಕೆಳಕೇರಿಗೆ ಒಂದು ಕೆಮ್ಮೂ ಇಳಿಯಲಿಲ್ಲ. ಊರ ವಾದ್ಯದವರು ತಮ್ಮ ತಮ್ಮ ಮಾಳಿಗೆಯ ಮೇಲೆ ನಿಂತು ಒಂದೇ ಹಾಡು ನುಡಿಸಿದರು. ತುತ್ತೂರಿ ಇಲ್ಲಿಂದ, ಡೋಲು ಕಣಿವೆಯ ಆಚೆಯಿಂದ. ತಾಳ ತಪ್ಪಿತು, ಯಾರೂ ನಿಲ್ಲಿಸಲಿಲ್ಲ.

ಮರುದಿನ ಫಿಲಿಬೆರ್ತಾ ಅಳುಕುತ್ತಲೇ ಗಿರಣಿಯ ಬಾಗಿಲು ತೆಗೆದಳು. ರಸ್ತೆ ತುಂಬ ಮೇಲ್ಕೇರಿಯ ಹೆಂಗಸರು, ಆರಾರು ಅಡಿ ಬಿಟ್ಟು ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಎರಡು ಬಕೆಟ್ಟು: ಒಂದು ತಮ್ಮದು, ಇನ್ನೊಂದು ಕೆಳಕೇರಿಯದು. ಕ್ರಿಸಾಂತಾ ಮಾತ್ರ ಕೈಬೀಸಿಕೊಂಡು ಬಂದಳು.

“ನಮ್ಮ ಜೋಳ ಮೊದ್ಲು ಹಾಕು ಅತ್ತಿಗೆ. ಒಂದು ತಿಂಗಳು ನಾನು ಬಕೆಟ್ ಮುಟ್ಟಲ್ಲ.”

“ಮಹಾರಾಣಿಯವರಿಗೆ ಕುರ್ಚಿ ತರ್ಲಾ?” ಎಂದಳು ಎಲೂತೇರಿಯಾ.

“ತಾ. ದಿಂಬೂ ಇರ್ಲಿ.”

ಸಾಲಿಗೆ ಸಾಲೇ ನಕ್ಕಿತು. ಫಿಲಿಬೆರ್ತಾ ಕೆಳಕೇರಿಯ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಸುರಿದು, ಮೋಟರ್ ಹಾಕಿದಳು.