ಅಂಜನಮ್ಮನ ಗಟ್ಟಿ ಹಾಲು

ಅಂಜನಮ್ಮ ಹಸು ಕಟ್ಟುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಬಾಡಿಗೆ ಮನೆ ಎದ್ದಿದೆ. ಗೋವಿಂದರಾಜನಗರದ ಆ ರಸ್ತೆಯಲ್ಲಿ ಹೋಗುವಾಗೆಲ್ಲ ಅದರ ಮುಂದೆ ಒಂದು ನಿಮಿಷ ನಿಲ್ತೀನಿ.

ಎಂಬತ್ತಾರನೇ ಇಸವಿ. ಕೆಂಗೇರಿ ಆಚೆ ಒಂದು ಪುಟ್ಟ ಲ್ಯಾಬು. ಗೋಪೀನಾಥ ಸಾರ್ ಮುಖ್ಯಸ್ಥರು, ನಾನು ಪಿಎಚ್.ಡಿ. ಮಾಡ್ತಿದ್ದವಳು, ಗಾಜಿನ ಸಾಮಾನು ತೊಳೆಯೋಕೆ ಅಂಜನಮ್ಮ. ಬೆಳಗಿನ ಹಾಲು ಕರೆದು, ಎರಡು ಬಸ್ಸು ಬದಲಾಯಿಸಿ, ನನಗಿಂತ ಮುಂಚೆ ಬಂದಿರೋರು. ಮುಡಿಯಲ್ಲಿ ಕನಕಾಂಬರ, ಕೈಯಲ್ಲಿ ವೈರ್ ಬ್ಯಾಗು. "ತಿಂಡಿ ಆಯ್ತಾ ತುಂಗಮ್ಮೋರೇ?" ಅಂತ ಕೇಳದೆ ನನ್ನನ್ನ ಒಳಗೆ ಬಿಟ್ಟಿದ್ದೇ ಇಲ್ಲ. ಆಹಾ, ಎಂಥಾ ದಿನಗಳು ಅವು! ಒಂಬತ್ತು ವರ್ಷದಿಂದ ಅಂಜನಮ್ಮ ದಿನಗೂಲಿ. ಆ ತಿಂಗಳು ಖಾಯಂ ಮಾಡೋ ಪಟ್ಟಿಯಲ್ಲಿ ಅವರ ಹೆಸರಿತ್ತು; ಸಾರ್ ಒಂದು ಒಳ್ಳೆ ಮಾತು ಬರೆದರೆ ಸಾಕಿತ್ತು.

ನನ್ನ ಕೆಲಸ ಹೇಳೋಕೆ ಸುಲಭ, ಮಾಡೋಕೆ ಪ್ರಾಣ ಹೋಗ್ತಿತ್ತು. ಜೀವಕೋಶದ ಪ್ರೋಟೀನಿಗೆ ಫಾಸ್ಫೇಟ್ ಅಂಟಿದೆಯಾ ನೋಡಬೇಕು. ಫಾಸ್ಫೇಟ್ ಇರೋ ಕಡೆ ಹೋಗಿ ಕೂರೋ ಆಂಟಿಬಾಡಿಗೆ ಬಣ್ಣ ಕಟ್ಟಿ ಸ್ಲೈಡಿನ ಮೇಲೆ ಬಿಡ್ತಿದ್ದೆ; ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನಲ್ಲಿ ಅದು ಕೂತ ಜಾಗ ಮಾತ್ರ ಹಸಿರಾಗಿ ಹೊಳೀಬೇಕು. ಸಿಕ್ಕಸಿಕ್ಕಲ್ಲಿ ಅಂಟದ ಹಾಗೆ ಮೊದಲೇ ಸ್ಲೈಡಿನ ಖಾಲಿ ಜಾಗವನ್ನೆಲ್ಲ ಬೇರೊಂದು ಪ್ರೋಟೀನಿನಿಂದ ಮುಚ್ಚಬೇಕು. ಅದಕ್ಕೆಂದು ವಿದೇಶದಿಂದ ತರಿಸುತ್ತಿದ್ದ ಪುಡಿ ಮುಗಿದಿತ್ತು. ಕೆನೆ ತೆಗೆದ ಹಾಲೂ ಆಗುತ್ತೆ ಅಂತ ಎಲ್ಲೋ ಓದಿದ್ದೆ.

"ಅದಕ್ಕೇನಂತೆ, ನಮ್ಮನೇದೇ ತರ್ತೀನಿ" ಅಂದರು ಅಂಜನಮ್ಮ.

ತಂದರು. ಕೆನೆ ತೆಗೆದು ಸ್ಲೈಡಿಗೆ ಹಾಕಿದೆ. ನೋಡ್ತೀನಿ, ಇಡೀ ಸ್ಲೈಡೇ ಹಸಿರು! ಹಾಲು ತೆಳು, ಖಾಲಿ ಜಾಗ ಮುಚ್ಚಿಲ್ಲ ಅಂದ್ಕೊಂಡೆ. ನನಗೋ ಮೂಗಿನ ತುದೀಲಿ ಕೋಪ. "ನೀರು ಬೆರೆಸಿದ್ರಾ ಅಂಜನಮ್ಮಾ?" ಅಂತ ಕೇಳೇಬಿಟ್ಟೆ.

"ದೇವರಾಣೆಗೂ ಇಲ್ಲ. ನಾಳೆ ಇನ್ನೂ ಗಟ್ಟೀದು ತರ್ತೀನಿ ಬಿಡಿ."

ಮಾರನೇ ದಿನ ಹಾಲು ನಿಜಕ್ಕೂ ಗಟ್ಟಿ. ಸ್ಲೈಡು ಇನ್ನೂ ಹಸಿರು. ಮತ್ತೆ ಬೈದೆ. ಅದರಾಚೆ ದಿನ ಅದಕ್ಕಿಂತ ಗಟ್ಟಿ, ಅದಕ್ಕಿಂತ ಹಸಿರು. ಹತ್ತು ದಿನ ಇದೇ ರಾಮಾಯಣ. ಕೊನೆಗೆ ತಲೆಕೆಟ್ಟು, ಹಾಲು ಕಲಬೆರಕೆ, ಸ್ಲೈಡೂ ಸರಿಯಾಗಿ ತೊಳೆಯಲ್ಲ ಅಂತ ಸಾರ್‌ಗೆ ಬರೆದುಕೊಟ್ಟೆ. ಅವರು ಅಂಜನಮ್ಮನಿಗೆ ಎರಡು ದಿನ ಬರಬೇಡಿ ಅಂದರು. ಪಟ್ಟಿಯಲ್ಲಿ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಬಿತ್ತು.

ಅವರಿಲ್ಲ ಅಂದಮೇಲೆ ಹಾಲೂ ಇಲ್ಲ. ಜೆಲಟಿನ್ನೂ ಒಂದು ಪ್ರೋಟೀನೇ ಅಲ್ವಾ ಅಂತ ಬೀರುವಿನಲ್ಲಿದ್ದದ್ದನ್ನ ಕರಗಿಸಿ ಹಾಕಿದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಸುತ್ತ ಕಪ್ಪು, ಕೋಶದ ಅಂಚಿನಲ್ಲಿ ಮಾತ್ರ ಹಸಿರು.

ಅಯ್ಯೋ ನನ್ನ ಬುದ್ಧಿಗಿಷ್ಟು! ಹಾಲಿನ ಕೇಸಿನ್ ಪ್ರೋಟೀನಿನಲ್ಲೇ ಫಾಸ್ಫೇಟ್ ತುಂಬಿರುತ್ತೆ ಅಂತ ಬಿ.ಎಸ್ಸಿ.ಯಲ್ಲೇ ಓದಿದ್ದೆ. ನನ್ನ ಆಂಟಿಬಾಡಿ ಹಾಲನ್ನೇ ಹಿಡ್ಕೊಳ್ತಿತ್ತು. ಹಾಲು ಗಟ್ಟಿಯಾದಷ್ಟೂ ಹೊಳಪು ಜಾಸ್ತಿ.

ಸಾರ್ ಹತ್ತಿರ ಓಡಿದೆ, ತಪ್ಪೊಪ್ಪಿಕೊಂಡೆ, ದೂರು ವಾಪಸ್ ತಗೊಂಡೆ. ಅವರು ನನಗೆ ಚೆನ್ನಾಗಿ ಉಗಿದು ಶಿಫಾರಸಿಗೆ ಸಹಿ ಹಾಕಿದರು. ಅಲ್ಲಿಂದ ಸೀದಾ ಗೋವಿಂದರಾಜನಗರಕ್ಕೆ ಹೊರಟೆ.

ಅಂಜನಮ್ಮ ಕೊಟ್ಟಿಗೆ ಗುಡಿಸ್ತಿದ್ದರು. ಅವರ ಕೈ ಹಿಡ್ಕೊಂಡೆ. "ನಿಮ್ಮ ಹಾಲಲ್ಲಿ ಏನೂ ತಪ್ಪಿರಲಿಲ್ಲ ಕಣಮ್ಮಾ. ಹಾಲು ಹಾಕಿದ್ದೇ ನನ್ನ ತಪ್ಪು. ಸಾರ್ ಸಹಿ ಹಾಕಿದಾರೆ, ಕೆಲಸ ಖಾಯಂ ಆಗುತ್ತೆ" ಅಂದೆ.

ಬೈಲಿಲ್ಲ ಪುಣ್ಯಾತ್ಗಿತ್ತಿ. ಬೈದಿದ್ದರೆ ನನ್ನ ಮನಸ್ಸಿಗೆ ಸಮಾಧಾನ ಆಗ್ತಿತ್ತು. ಸೆರಗಲ್ಲಿ ಕಣ್ಣೊರೆಸಿಕೊಂಡು, ಬಾಗಿಲಲ್ಲಿ ಕೂತಿದ್ದ ಪುಟ್ಟ ಮೊಮ್ಮಗಳನ್ನ ನೋಡಿದರು.

"ಸಂಜೇ ಹಾಲು ತಿಂಗಳ ದುಡ್ಡು ಕೊಡೋ ವರ್ತನೆ ಮನೆಗಳಿಗೆ ಹೋಗುತ್ತೆ ತುಂಗಮ್ಮೋರೇ. ಇವಳಿಗೆ ಅಂತ ಇರೋದು ಬೆಳಗಿಂದೇ. ಅದಷ್ಟನ್ನೂ ಕಾಯಿಸಿ ಕಾಯಿಸಿ ಒಂದು ಚೊಂಬಿಗೆ ಇಳಿಸಿ ನಿಮಗೆ ತರ್ತಿದ್ದೆ. ಆ ಹತ್ತು ದಿನವೂ ಮಗೀಗೆ ಬರೀ ರಾಗಿ ಗಂಜಿ ಕುಡಿಸಿದೀನಿ. ಅದು ಸುಮ್ ಸುಮ್ನೆನಾ?"